ಜಾಲಿ ದಿಮ್ಮಿ ಮನ್ಯಾಗ ಕೊಯ್ದು ತೋಟಕ್ಕ ಬೇಲಿ: ಸಾಸವಡ ಕಡೆ, ಅನುಭವ ಇದ್ದವ್ರು ಹೇಳ್ರಿ

ಸಾಸವಡ_ತೋಟ | ಪುಣೆ | ಅಕ್ಟೋಬರ್
ನಮಸ್ಕಾರ್ರಿ ಎಲ್ಲಾರಿಗೂ. ನಾ ವಿಜಯಪುರ ಕಡಿಯಾಂವ, ಕೋಥ್ರೂಡದಾಗ ಇರಾಕ ಹತ್ತಿ ಹದಿನೆಂಟು ವರ್ಷಾತು. ಸಾಸವಡ ದಾಟಿ ಸ್ವಲ್ಪ ಮುಂದ ಹತ್ತು ಗುಂಟೆ ಜಾಗ ತಗೊಂಡು ಅಂಜೂರ, ಸೀತಾಫಲ ಹಚ್ಚೀನಿ. ಈ ಸಲ ಜೂನದಾಗ ಬಂದ ಗಾಳಿಗೆ ನಮ್ಮ ಬದುವಿನ ಮ್ಯಾಲಿನ ಮೂರು ದೊಡ್ಡ ಜಾಲಿ ಗಿಡ ಬೇರುಸಮೇತ ಉರುಳಿದ್ವು. ಟೊಂಗಿ ಎಲ್ಲಾ ಊರವ್ರು ಒಲಿಗೆ ಒಯ್ದರು, ಬೊಡ್ಡಿ ಅಷ್ಟ ಉಳಿದಾವ. ಒಟ್ಟು ಏಳು ದಿಮ್ಮಿ, ಒಂದೊಂದು ಎಂಟೂವರಿ ಅಡಿ, ಅಡ್ಡಳತಿ 14ರಿಂದ 17 ಇಂಚು.

ಸೌದಿ ಲೆಕ್ಕದಾಗ ಕೊಡ್ರಿ ಅಂತ ಒಬ್ರು ಬಂದು ಕೇಳಿದ್ರು, ನನಗ ಮನಸ್ಸ ಬರಲಿಲ್ಲ. ನಮ್ಮ ಮನ್ಯಾಗ ಬಂಡಿ ಗಾಲಿ, ರಂಟಿ, ಕುಂಟಿ ಎಲ್ಲಾ ಜಾಲಿ ಕಟಗೀದೇ ಇರ್ತಿದ್ವು, ನಮ್ಮಪ್ಪ ತೇಗ ಕೊಟ್ರೂ ಗಾಲಿಗೆ ಜಾಲೀನೇ ಬೇಕು ಅಂತಿದ್ದ, ಅಂಥಾ ಕಟಗಿ ಸುಟ್ಟ ಹಾಕೂದು ಹ್ಯಾಂಗ. ರಸ್ತಾದ ಕಡೆ ನೂರು ಅಡಿ ಬೇಲಿ ಆಗಬೇಕಾಗೇದ, ಆಡು ದನ ಭಾಳ ನುಗ್ತಾವ. ಎಂಟು ಅಡಿಗೊಂದು ಕಂಬ ಅಂದ್ರ 14 ಕಂಬ, ನಡುವ ಎರಡೆರಡು ಅಡ್ಡಪಟ್ಟಿ ಅಂದ್ರ 26 ಪಟ್ಟಿ.

ನನ್ನ ಹತ್ರ 58 ಸಿಸಿ ಚೇನ್‌ಸಾ ಅದ, 22 ಇಂಚಿನ ಬಾರ್ (ಚೇನ್ ತಿರುಗೂ ಉದ್ದನ ಪಟ್ಟಿ). ಅದಕ್ಕ ಹಚ್ಚಿ ಹಲಗಿ ಕೊಯ್ಯೂ ಕಬ್ಬಿಣದ ಫ್ರೇಮ್ ಆನ್‌ಲೈನ್ ತರಿಸೀನಿ. ಹ್ವಾದ ಐತವಾರ ಮೊದಲನೇ ದಿಮ್ಮಿಗೆ ಹಚ್ಚಿದೆ. ಇಪ್ಪತ್ತು ನಿಮಿಷಕ್ಕ ಒಂದು ಅಡಿ ಹ್ವಾತು ನೋಡ್ರಿ, ಆಮ್ಯಾಲ ಹೊಗಿ ಬರಾಕ ಚಾಲೂ ಆತು, ಬಾರ್ ಸಿಕ್ಕೊಂಡು ಅಲ್ಲೇ ನಿಂತ ಬಿಡ್ತು. ಹೊರಗ ತಗದು ನೋಡಿದ್ರ ಕೊಯ್ದ ಜಾಗ ಹಾವು ಹರದಂಗ ಅಂಕುಡೊಂಕು. ಮಿಷನ್ ಸಣ್ಣದಾತೋ, ಚೇನ್ ತಪ್ಪೋ, ನಾ ಮಾಡೂ ರೀತಿನೇ ತಪ್ಪೋ ತಿಳೀವಲ್ದು. ಒಣಗಿದ ಮ್ಯಾಲ ಕೊಯ್ಯಬೇಕಂತ ಒಬ್ರು, ಹಸೀ ಇದ್ದಾಗ ಅಂತ ಇನ್ನೊಬ್ರು. ತಿಳದವ್ರು ಹೇಳ್ರಿ.

ಮೈಸೂರು_ಹಿಂಜೆವಾಡಿ | ಪುಣೆ
ಸಾರ್ ಮೊದಲು ಒಂದ್ ಪ್ರಶ್ನೆ, ಚೇನ್ ಮಿಷನ್ ಜೊತೆ ಬಂದಿದ್ದೇನಾ? ಹಂಗಾದ್ರೆ ಅದು ಅಡ್ಡ ಕಡಿಯೋ ಚೇನು. ಅದರ ಹಲ್ಲಿನ ಮೇಲ್ಗಡೆ ಸಾಣೆ 30 ಡಿಗ್ರಿ ಓರೆ ಇರತ್ತೆ. ಉದ್ದಕ್ಕೆ ಹಲಗೆ ಕೊಯ್ಯೋಕೆ ರಿಪ್ಪಿಂಗ್ ಚೇನ್ ಅಂತ ಬೇರೆ ಬರತ್ತೆ, ಅದರಲ್ಲಿ 10 ಡಿಗ್ರಿ. ಸಿಗದಿದ್ರೆ ಇರೋ ಚೇನನ್ನೇ ಅರದಿಂದ ನಿಧಾನಕ್ಕೆ 10 ಡಿಗ್ರಿಗೆ ತರಬಹುದು, ನಾನು ಮುಳಶಿಯಲ್ಲಿ ನೀಲಗಿರಿ ಕೊಯ್ಯೋವಾಗ ಹಂಗೇ ಮಾಡಿದ್ದು, ಮೂರು ನಾಲ್ಕು ಸಲ ಸಾಣೆ ಹಿಡಿಯೋದ್ರಲ್ಲಿ ಬಂದ್ಬಿಡತ್ತೆ.

ಎರಡನೇದು ಮಿಷನ್. ಹಲಗೆ ಕೊಯ್ಯೋದು ಅಂದ್ರೆ ಇಂಜಿನ್ ಹತ್ತು ಹದಿನೈದು ನಿಮಿಷ ಫುಲ್ ಆಕ್ಸಿಲರೇಟರ್‌ನಲ್ಲಿ ಉಸಿರು ಬಿಡದೆ ಓಡಬೇಕು, ಕೊಂಬೆ ಕಡಿಯೋ ತರ ಅಲ್ಲ. ಗಟ್ಟಿ ಮರಕ್ಕೆ 70 ಸಿಸಿಗಿಂತ ಮೇಲೆ ಇದ್ರೆ ನೆಮ್ಮದಿ, 90 ಇದ್ರೆ ಇನ್ನೂ ಚೆನ್ನ. 58ರಲ್ಲಿ ಆಗಲ್ಲ ಅಂತಲ್ಲ ಆದ್ರೆ ಅಗಲ ಕಮ್ಮಿ ಇರಬೇಕು, ಹತ್ತು ಇಂಚು ಹನ್ನೆರಡು ಇಂಚು. 22 ಇಂಚಿನ ಬಾರ್ ಅಂದ್ರೂ ಫ್ರೇಮ್ ಹಿಡಿಯೋಕೆ ನಾಲ್ಕೈದು ಇಂಚು ಹೋಗತ್ತೆ, ನಿಮ್ಮ 17 ಇಂಚಿನ ದಿಮ್ಮಿಗೆ ಅದು ಅಂಚಿಗೆ ಬಂದ್ಬಿಡ್ತು.

ಆಮೇಲೆ ಅಂಕುಡೊಂಕು ಯಾಕಂದ್ರೆ ಮೊದಲ ಕೊಯ್ತಕ್ಕೆ ಆಧಾರ ಏನಿಟ್ರಿ? ದಿಮ್ಮಿ ಮೇಲ್ಮೈ ಗುಂಡಗೆ ಉಬ್ಬುತಗ್ಗು ಇರತ್ತೆ, ಫ್ರೇಮ್ ಅದರ ಮೇಲೆ ಕುಣಿಯತ್ತೆ. ಅಲ್ಯೂಮಿನಿಯಂ ಏಣಿ ಇದ್ರೆ ದಿಮ್ಮಿ ಮೇಲೆ ಕೂರಿಸಿ ಎರಡೂ ತುದಿಗೆ ಸ್ಕ್ರೂ ಹಾಕಿ ಬಿಗಿ ಮಾಡಿ, ಲೆವೆಲ್ ನೋಡಿ, ಏಣಿ ಮೇಲೆ ಫ್ರೇಮ್ ಜಾರಿಸ್ಕೊಂಡು ಹೋಗಿ. ಮೊದಲ ಕೊಯ್ತ ನೇರ ಬಂದ್ರೆ ಮುಂದಿನದ್ದೆಲ್ಲ ಅದನ್ನೇ ನೋಡ್ಕೊಂಡು ನೇರ ಬರತ್ತೆ. ಒಂದೊಂದಡಿ ಮುಂದೆ ಹೋದ ಹಾಗೆ ಹಿಂದೆ ಸೀಳಿನಲ್ಲಿ ಪ್ಲಾಸ್ಟಿಕ್ ಇಲ್ಲ ಮರದ ಬೆಣೆ ಇಡ್ತಾ ಹೋಗಿ, ಇಲ್ಲದಿದ್ರೆ ಮೇಲಿನ ಭಾರ ಕೂತು ಬಾರ್ ಕಚ್ಕೊಳತ್ತೆ, ನಿಮಗೆ ಆಗಿದ್ದು ಅದೇ ಅನ್ಸತ್ತೆ.

ಹೊಗೆ ಬಂತು ಅಂದ್ರಲ್ಲ, ಚೇನ್ ಮೊಂಡಾಗಿದೆ ಇಲ್ಲ ಬಾರ್ ಆಯಿಲ್ ಸಾಲ್ತಿಲ್ಲ. ಹೊಟ್ಟು ಹರಳು ಹರಳಾಗಿ ಬೀಳ್ತಾ ಇದ್ದದ್ದು ಮೈದಾ ತರ ಆಯ್ತು ಅಂದ ಕೂಡ್ಲೇ ನಿಲ್ಸಿ ಸಾಣೆ ಹಿಡೀರಿ. ಜಾಲಿಗೆ ಪ್ರತಿ ಟ್ಯಾಂಕ್ ಪೆಟ್ರೋಲ್‌ಗೆ ಒಂದು ಸಲ ಅಂತ ಇಟ್ಕೊಳ್ಳಿ, ಸೋಮಾರಿತನ ಬೇಡ.

ಸಾಸವಡ_ತೋಟ
ಹೌದ್ರಿ ಸರ, ಮಿಷನ್ ಜೋಡಿ ಬಂದಿದ್ದೇ ಚೇನು. ಆಧಾರ ಏನೂ ಇಟ್ಟಿಲ್ಲ, ದಿಮ್ಮಿ ಮ್ಯಾಲೇ ಸೀದಾ ಫ್ರೇಮ್ ಇಟ್ಟಿದ್ದೆ.

ಬಡಿಗೇರ_ಮನಿ | ಪುಣೆ
ಅಣ್ಣಾರ, ನಮ್ಮದು ಗದಗ ಕಡೆ ಬಡಿಗೇರ ಮನೆತನ, ನಮ್ಮಜ್ಜ ಗಾಲಿ ಕೆಲಸದಾಗ ಹೆಸರು ಮಾಡಿದಾಂವ. ನಾ ಇಲ್ಲಿ ಭವಾನಿ ಪೇಠ ಟಿಂಬರ್ ಮಾರ್ಕೆಟ್ ಕಡೆ ಭಾಳ ವರ್ಷದಿಂದ ಕೆಲಸ ಮಾಡಾಕತ್ತೀನಿ. ಜಾಲಿ ಅಂತ ನೋಡಿ ತಡಕೊಳ್ಳಾಕ ಆಗಲಿಲ್ಲ.

ಮಿಷನ್ ಬಾಜೂಕ ಇಡ್ರಿ. ಮೊದಲ ದಿಮ್ಮಿ ತುದಿ ನೋಡ್ರಿ. ನಡುವ ಕೆಂಪಗ ಕರೆಗ ಇರೂದು ಚೇಗು, ಸುತ್ತ ಬೆಳ್ಳಗ ಇರೂದು ಎಳೇ ಕಟಗಿ. ಚೇಗು ಕಬ್ಬಿಣ ಇದ್ದಂಗ. ಆ ಬಿಳೀದು ಕುಟ್ಟಿ ಹುಳಕ್ಕ ಹಬ್ಬದೂಟ, ಗೆದ್ದಲಕ್ಕೂ ಅದ ಬೇಕು. ಭೂಮಿಯೊಳಗ ಹುಗಿಯೂ ಕಂಬಕ್ಕ ಬಿಳೀದು ಒಂದು ಬೊಟ್ಟೂ ಇರಬಾರದು, ಇದು ಮೊದಲನೇ ಮಾತು. 17 ಇಂಚಿನ ದಿಮ್ಮ್ಯಾಗ ಚೇಗು ಹನ್ನೆರಡು ಇಂಚು ಬಂದ್ರ ನಾಲ್ಕು ಇಂಚು ಚೌಕದ ನಾಲ್ಕು ಕಂಬ ಬರ್ತಾವ, ಅಷ್ಟ.

ಎರಡನೇ ಮಾತು, ಕಂಬಕ್ಕ ಕೊಯ್ಯಬ್ಯಾಡ್ರಿ, ಸೀಳ್ರಿ. ಗಿಡದ ತೊಗಟಿ ನೋಡ್ರಿ, ತೊಗಟಿ ಮ್ಯಾಲಿನ ಗೀರು ಕೆಳಗಿಂದ ಮ್ಯಾಕ ಸೀದಾ ಹೋಗಿದ್ರ ಒಳಗ ಎಳಿನೂ ಸೀದಾ ಇರ್ತೈತಿ, ಅಂಥಾ ದಿಮ್ಮಿ ಪಾಚರ (ಬೆಣಿ) ಬಡದು ಸೀಳಾಕ ಬರ್ತೈತಿ. ಗೀರು ತಿರುವಿಕೊಂಡು ಹೋಗಿದ್ರ ಅದನ್ನ ಸೀಳಾಕ ಹೋಗಬ್ಯಾಡ್ರಿ, ಅದು ಸ್ಕ್ರೂ ಹಂಗ ತಿರುವಿ ಒಡಿತೈತಿ, ಅದಕ್ಕ ಗರಗಸಾನ ಬೇಕು. ಸೀದಾ ಇದ್ದದ್ದಕ್ಕ ತುದಿಯೊಳಗ ಬಿಸಲಿಗೆ ಒಂದು ಸೀಳು ಬಿದ್ದಿರ್ತೈತಿ ನೋಡ್ರಿ, ಅದ ದಾರಿ, ಅಲ್ಲೇ ಮೊದಲನೇ ಪಾಚರ. ಆಮ್ಯಾಲ ಮೈ ಮ್ಯಾಲ ಒಂದೊಂದ ಗೇಣು ಬಿಟ್ಟು ಬಡೀತಾ ಹೋಗ್ರಿ. ಎರಡು ಹೋಳು ಆದ ಮ್ಯಾಲ ಮತ್ತ ಎರಡು. ನಾಲ್ಕು ಹೋಳು ಆದ್ರ ನಟ್ಟನಡುವಿನ ಬೆಂಡು ಯಾವ ಕಂಬದೊಳಗೂ ಉಳಿಯೂದಿಲ್ಲ, ಮುಂದ ಕಂಬ ಒಡಿಯೂದೂ ಕಮ್ಮಿ. ಬಾಚಿ ಹಿಡದು ಬಿಳೀದು ಕೆತ್ತಿ ತಗೀರಿ. ಎಳಿ ಕಡಿದಿಲ್ಲಾದ್ದಕ್ಕ ಆ ಕಂಬಕ್ಕ ಇರೂ ಬಲ ಕೊಯ್ದದ್ದಕ್ಕ ಬರೂದಿಲ್ಲ.

ಮೂರನೇದು. ಹಸೀ ಇದ್ದಾಗನ ಮಾಡ್ರಿ. ಜಾಲಿ ಒಣಗಿತು ಅಂದ್ರ ತೇಗಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಗಟ್ಟಿ, ಆವಾಗ ಉಳಿ ಹಚ್ಚಿದ್ರ ಉಳೀದ ಬಾಯಿ ಹೋಗ್ತೈತಿ. ಜೂನದಾಗ ಬಿದ್ದಾವ, ಮಳ್ಯಾಗ ತೊಯ್ದಾವ, ಈಗ ಅಕ್ಟೋಬರ್, ಭಾಳ ಚಲೋ ಟೈಮ್. ಮಾರ್ಚ್ ತನಕ ಕಾಯಬ್ಯಾಡ್ರಿ. ಇವತ್ತ ಹೋಗಿ ಎಲ್ಲಾ ದಿಮ್ಮಿ ತುದಿಗೆ ಹಳೇ ಆಯಿಲ್ ಪೇಂಟ್ ಇಲ್ಲ ಮೇಣ ಬಳೀರಿ, ಇಲ್ಲಾಂದ್ರ ತುದಿಯಿಂದ ಒಂದೊಂದು ಅಡಿ ಒಡದು ಹೋಗ್ತೈತಿ.

ಡೊಂಬಿವಲಿ_ಕರಾವಳಿ | ಮುಂಬೈ
ಬಡಿಗೇರರು ಹೇಳಿದ್ದು ಸರಿ ಉಂಟು. ಆದ್ರೆ ಒಂದು ಮಾತು ಮಾರಾಯ್ರೆ, ಸಾಮಿಲ್ಲಿಗೆ ಹಾಕಿದ್ರೆ ಏನು? ಬ್ಯಾಂಡ್‌ಸಾ ಬ್ಲೇಡಿಗೆ ಎರಡು ಮೂರು ಮಿಲಿಮೀಟರ್ ಹೊಟ್ಟಾಗಿ ಹೋಗ್ತದೆ ಅಷ್ಟೆ. ಚೇನ್‌ಸಾಗೆ ಒಂಬತ್ತು ಮಿಲಿಮೀಟರ್ ಆದ್ರೂ ಬೇಕು. ಒಂದೂವರೆ ಇಂಚಿನ ಪಟ್ಟಿ ಕೊಯ್ದ್ರೆ ನಾಲ್ಕು ಪಟ್ಟಿ ಆಗುವಷ್ಟರಲ್ಲಿ ಒಂದು ಪಟ್ಟಿಯಷ್ಟು ಮರ ಹೊಟ್ಟಾಗಿ ನೆಲಕ್ಕೆ ಬಿದ್ದಿರ್ತದೆ. ಜಾಲಿಯಂಥ ಮರವನ್ನು ಹಾಗೆ ಹೊಟ್ಟು ಮಾಡ್ಲಿಕ್ಕೆ ಬೇಜಾರಾಗ್ತದೆ ನನಗೆ.

ಫೋಂಡಾ_ತೋಟದಾಕೆ | ಗೋವಾ
ಸಾಗಿಸೋ ಮೊದಲು ಕಾನೂನು ನೋಡ್ಕೊಳ್ಳಿ ಅಣ್ಣ. ನಾನು ಶಿರಸಿಯವಳು, ಇಲ್ಲಿ ಫೋಂಡಾ ಹತ್ತಿರ ತೋಟ. ಗೋವಾದಲ್ಲಿ 1984ರ ಮರ ಸಂರಕ್ಷಣೆ ಕಾಯ್ದೆ ಉಂಟು, ನಮ್ಮದೇ ಜಾಗದ ಮರಕ್ಕೂ ಟ್ರೀ ಆಫೀಸರ್ ಅನುಮತಿ ಬೇಕು. ನಿಮ್ಮ ಮಹಾರಾಷ್ಟ್ರದಲ್ಲಿ 1964ರ ಮರ ಕಡಿಯೋ ಕಾಯ್ದೆಗೆ ಒಂದು ಪಟ್ಟಿ ಉಂಟು. ಸಾಗವಾನಿ, ಮತ್ತಿ, ಹುಣಸೆ, ಮಾವು, ಹಲಸು, ನೇರಳೆ, ಕಾಚು, ಶ್ರೀಗಂಧ ಇವೆಲ್ಲ ಅದರಲ್ಲಿ ಬರ್ತವೆ. ಜಾಲಿ ಆ ಪಟ್ಟಿಯಲ್ಲಿ ಇಲ್ಲ. ಆದ್ರೆ ಪಟ್ಟಣದ ಹದ್ದಿನೊಳಗೆ ಇದ್ರೆ 1975ರ ನಗರ ಪ್ರದೇಶದ ಕಾಯ್ದೆ, ಅಲ್ಲಿ ಯಾವ ಮರವಾದ್ರೂ ಬರ್ತದೆ. ದಿಮ್ಮಿ ಲಾರಿಗೆ ಏರಿಸಿ ರಸ್ತೆಗೆ ತಂದ್ರೆ ಸಾಗಣೆ ಪಾಸ್ ಕೇಳಬಹುದು. ರೇಂಜ್ ಫಾರೆಸ್ಟ್ ಆಫೀಸಿಗೆ ಒಂದು ಅರ್ಜಿ, ಬಿದ್ದ ಮರದ ಫೋಟೋ, ಏಳು ಬಾರಾ ಉತಾರೆ (ಜಮೀನಿನ ಪಹಣಿ) ತಗೊಂಡು ಹೋಗಿ ಕೇಳಿಬಿಡಿ, ಅರ್ಧ ದಿನದ ಕೆಲಸ, ಆಮೇಲೆ ನೆಮ್ಮದಿ. ಇನ್ನೊಂದು, ನಿಮ್ಮ ಬೇಲಿಗೆ ಮಾತ್ರ ಕೊಯ್ಕೊಳ್ಳಿ. ಅಕ್ಕಪಕ್ಕದವರ ಮರ ದುಡ್ಡಿಗೆ ಕೊಯ್ಯೋಕೆ ಹೊರಟ್ರೆ ಅದು ಸಾಮಿಲ್ ಲೆಕ್ಕಕ್ಕೆ ಬರಬಹುದು, ಸಾಮಿಲ್ಲಿಗೆ ಅರಣ್ಯ ಇಲಾಖೆ ಲೈಸೆನ್ಸ್ ಇಲ್ಲದೆ ಆಗೋದಿಲ್ಲ, 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅದು ಬಹಳ ಬಿಗಿ.

ಸಾಸವಡ_ತೋಟ
ಅಕ್ಕಾರ ಭಾಳ ಉಪಕಾರ ಆತು. ನಾಳೆ ಹೋಗಿ ಕೇಳಿ ಬರ್ತೀನಿ. ಸಾಮಿಲ್ ವಿಚಾರ ನಾನೂ ಮಾಡಿದ್ದೆ ಡೊಂಬಿವಲಿ ಅಣ್ಣಾರ, ಆದ್ರ ದಿಮ್ಮಿ ಒಂದೊಂದು ಎಷ್ಟ ಭಾರ ಅದಾವ ಅಂದ್ರ ನಾಲ್ಕು ಮಂದಿ ಪಹಾರಿ (ಕಬ್ಬಿಣದ ಹಾರಿ) ಹಚ್ಚಿದ್ರ ಉರುಳ್ತಾವ, ಏಳೂದಿಲ್ಲ. ಕ್ರೇನ್ ಕೇಳಿದ್ರ ಅದರ ಬಾಡಿಗಿ ಬ್ಯಾರೆ.

ಡೊಂಬಿವಲಿ_ಕರಾವಳಿ
ಲೆಕ್ಕ ಹಾಕುವ. 16 ಇಂಚು ಅಡ್ಡಳತೆ, ಎಂಟೂವರೆ ಅಡಿ ಉದ್ದ ಅಂದ್ರೆ ಹತ್ತಿರ ಹತ್ತಿರ 12 ಘನ ಅಡಿ. ನೀರು ಒಂದು ಘನ ಅಡಿಗೆ 28 ಕೆಜಿ ಚಿಲ್ಲರೆ, ಹಸಿ ಜಾಲಿ ನೀರಿಗಿಂತ ಭಾರ, ಮೂವತ್ತು ಹಿಡೀರಿ. ಮುನ್ನೂರೈವತ್ತು ಕೆಜಿ ಆಯ್ತು ಒಂದು ದಿಮ್ಮಿ! ಸೊಂಟ ಜೋಪಾನ.

ಮುಂದೆ ಯಾವತ್ತಾದ್ರೂ ಟಿಂಬರ್ ಅಡ್ಡೆಗೆ ಹೋದ್ರೆ ಇದು ಗೊತ್ತಿರ್ಲಿ, ಅಲ್ಲಿ ಅಳೆಯುವುದು ಬೇರೆ. ಸುತ್ತಳತೆಯ ಕಾಲು ಭಾಗ ತಗೊಂಡು ಅದನ್ನು ಅದರಿಂದಲೇ ಗುಣಿಸಿ ಉದ್ದಕ್ಕೆ ಗುಣಿಸ್ತಾರೆ. ಇದೇ ದಿಮ್ಮಿ ಸುತ್ತಳತೆ 50 ಇಂಚು, ಕಾಲು ಹನ್ನೆರಡೂವರೆ, ಆ ಲೆಕ್ಕದಲ್ಲಿ ಒಂಬತ್ತು ಘನ ಅಡಿ ಸ್ವಲ್ಪ ಮೇಲೆ ಬರ್ತದೆ. ಮೋಸ ಅಲ್ಲ, ಚೌಕ ಮಾಡುವಾಗ ಹೋಗುವ ಸಿಪ್ಪೆ ಮೊದಲೇ ಬಿಟ್ಟು ಲೆಕ್ಕ ಹಾಕುವ ಪದ್ಧತಿ.

ಮೈಸೂರು_ಹಿಂಜೆವಾಡಿ
ಬಡಿಗೇರ್ ಸಾರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಕೇಳ್ತೀನಿ, ಸೀಳಿದ ಕಂಬ ಒಂದೊಂದು ಒಂದೊಂದು ತರ ಬರಲ್ವಾ? ಮುಖ ಸಮ ಇಲ್ಲದಿದ್ರೆ ಅಡ್ಡಪಟ್ಟಿ ಕೂರ್ಸೋದು ಕಷ್ಟ. ನಾನಾಗಿದ್ರೆ ಎಲ್ಲಾ ಕೊಯ್ದೇ ಮಾಡ್ತಿದ್ದೆ.

ಬಡಿಗೇರ_ಮನಿ
ಬರ್ತೈತಿ ಸರ, ಅದು ಖರೇ. ಪಟ್ಟಿ ಕೂಡೂ ಜಾಗ ಅಷ್ಟ, ಒಂದೊಂದ ಗೇಣು, ಬಾಚಿ ಹಿಡದು ಸಪಾಟ ಮಾಡಿದ್ರ ಆತು. ಉಳಿದ ಮೈ ಹ್ಯಾಂಗಿದ್ರೇನು, ಅದು ಬೇಲಿ ಕಂಬ, ದೇವರ ಮನಿ ಬಾಗಿಲಾ ಅಲ್ಲ. ಪಟ್ಟಿಗೆ ಮಾತ್ರ ನೀವು ಹೇಳಿದ್ದ ಖರೇ, ಪಟ್ಟಿ ಕೊಯ್ಯಾಕ ಬೇಕು. 58 ಸಿಸಿ ಮಿಷನ್ ಇದ್ರ, ಮೊದಲ ದಿಮ್ಮಿ ನಡುವ ಪಾಚರಲೇ ಎರಡು ಹೋಳು ಮಾಡಿಕೊಂಡು ಆಮ್ಯಾಲ ಹೋಳು ಕೊಯ್ದ್ರ ಅಗಲ ಎಂಟು ಇಂಚು ಆಗ್ತೈತಿ, ಮಿಷನ್ ಎಳೀತೈತಿ.

ಮೈಸೂರು_ಹಿಂಜೆವಾಡಿ
ಇದು ಒಳ್ಳೆ ಐಡಿಯಾ ಸಾರ್, ನನಗೆ ಹೊಳೆದಿರ್ಲಿಲ್ಲ.

ಒಂದು ಮುಖ್ಯವಾದ್ದು ಬಿಟ್ಟುಹೋಯ್ತು. ಬದುವಿನ ಮರ ಅಂದ್ರೆ ಒಳಗೆ ಕಬ್ಬಿಣ ಇರತ್ತೆ. ಯಾರೋ ಮೂವತ್ತು ವರ್ಷದ ಹಿಂದೆ ಮುಳ್ಳುತಂತಿ ಸುತ್ತಿರ್ತಾರೆ, ಮೊಳೆ ಹೊಡೆದಿರ್ತಾರೆ, ಮರ ಅದನ್ನ ನುಂಗ್ಬಿಟ್ಟಿರತ್ತೆ. ಚೇನ್‌ಗೆ ಅದು ಸಿಕ್ರೆ ಹಲ್ಲೆಲ್ಲ ಹೋಯ್ತು, ಚೇನ್ ತುಂಡಾಗಿ ಮೈಮೇಲೂ ಬರಬಹುದು. ಸಣ್ಣ ಮೆಟಲ್ ಡಿಟೆಕ್ಟರ್ ಸಿಗತ್ತೆ, ಒಂದ್ಸಲ ಸವರಿ ನೋಡಿ.

ಮತ್ತೆ ಮೈಮೇಲೆ ಏನು ಹಾಕ್ತೀರಾ ಅದೂ ಹೇಳಿ ಸಾರ್. ಹಲಗೆ ಕೊಯ್ಯೋವಾಗ ಬಗ್ಗಿ ನಿಂತಿರ್ತೀವಿ, ಸೈಲೆನ್ಸರ್ ಹೊಗೆ ಸೀದಾ ಮುಖಕ್ಕೆ. ಗಾಳಿ ಬರೋ ಕಡೆಗೆ ಬೆನ್ನು ಮಾಡಿ ನಿಲ್ಲಿ, ಮಾಸ್ಕು, ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು. ಕಾಲಿಗೆ ಚೇನ್‌ಸಾ ಚ್ಯಾಪ್ಸ್ ಅಂತ ಬರತ್ತೆ, ಅದು ಇಲ್ದೆ ನಾನು ಮಿಷನ್ ಮುಟ್ಟಲ್ಲ. ಒಬ್ರೇ ಇರೋವಾಗ ಬೇಡವೇ ಬೇಡ.

ಬಡಿಗೇರ_ಮನಿ
ಕಬ್ಬಿಣ ಕಣ್ಣಿಗೂ ಕಾಣ್ತೈತಿ ಸರ. ಜಾಲ್ಯಾಗ ಒಗರು ಭಾಳ, ಅದಕ್ಕ ಅದರ ತೊಗಟಿ ಚರ್ಮ ಹದ ಮಾಡಾಕ ಒಯ್ತಿದ್ರು. ಒಗರು ಕಬ್ಬಿಣಕ್ಕ ಕೂಡಿದ್ರ ಮಸಿ ಆಗ್ತೈತಿ. ದಿಮ್ಮಿ ತುದಿಯೊಳಗ ನೀಲಿಗಪ್ಪು ಕಲೆ ಕಂಡ್ರ ಆ ಸಾಲಿನಾಗ ಎಲ್ಲೋ ಕಬ್ಬಿಣ ಐತಿ ಅಂತ ತಿಳೀರಿ. ಇದಕ್ಕ ಬೇಲಿಗೂ ಸಾದಾ ಮೊಳಿ ಬ್ಯಾಡ, ಕರೇ ನೀರು ಸೋರ್ತೈತಿ, ಮೊಳೀನೂ ತಿಂದು ಹೋಗ್ತೈತಿ.

ಡೊಂಬಿವಲಿ_ಕರಾವಳಿ
ಮೊಳೆ ಹೊಡೆದ್ರೆ ಬಗ್ತದೆ ಅಥವಾ ಪಟ್ಟಿ ಸೀಳ್ತದೆ, ಎರಡರಲ್ಲಿ ಒಂದು. ಡ್ರಿಲ್ ಮಾಡಿ ತೂತು ಹಾಕಿ ಸ್ಟೇನ್‌ಲೆಸ್ ಬೋಲ್ಟ್. ಮುರಬಾಡ ಕಡೆ ನಮ್ಮ ಸಂಬಂಧಿಕರ ತೋಟದಲ್ಲಿ ಹಾಗೆ ಮಾಡಿದ್ದು, ಅಲ್ಲಿ ಮಳೆ ಹೇಗೆ ಅಂದ್ರೆ ನಿಮ್ಮ ಸಾಸವಡದ ಹಾಗಲ್ಲ.

ಕಂಬದ ಬಗ್ಗೆ ನಾನು ಬೇರೆ ಹೇಳ್ತೇನೆ. ಕಂಬ ಕೊಳೆಯುವುದು ಮಣ್ಣಿನ ಆಳದಲ್ಲಿ ಅಲ್ಲ, ತುದಿಯಲ್ಲೂ ಅಲ್ಲ, ನೆಲಮಟ್ಟಕ್ಕೆ ಸರಿಯಾಗಿ, ಗಾಳಿ ನೀರು ಎರಡೂ ಸೇರುವ ಆ ಒಂದು ಗೇಣು ಜಾಗದಲ್ಲಿ. ಆದ್ದರಿಂದ ಕಾಂಕ್ರೀಟಿನಲ್ಲಿ ಕಬ್ಬಿಣದ ಆಂಗಲ್ ನಿಲ್ಲಿಸಿ ಅದಕ್ಕೆ ಮರದ ಕಂಬ ನೆಲದಿಂದ ಎರಡು ಇಂಚು ಮೇಲೆ ಬೋಲ್ಟ್ ಮಾಡಿ. ಕೊಳೆಯುವ ಮಾತೇ ಇಲ್ಲ.

ಬಡಿಗೇರ_ಮನಿ
ಚೇಗು ಇದ್ರ ಅಷ್ಟೆಲ್ಲಾ ಬ್ಯಾಡ ಅಣ್ಣಾರ. ನಮ್ಮಜ್ಜ ಕಂಬದ ಬುಡ ಬೆಂಕ್ಯಾಗ ಕರೆಗ ಆಗೂ ಮಟ ಸುಟ್ಟು ಹುಗೀತಿದ್ದ.

ಫೋಂಡಾ_ತೋಟದಾಕೆ
ಸುಡೋದು ನಾವೂ ಮಾಡಿ ನೋಡಿದ್ದು. ಸುಟ್ಟ ಪದರ ಬಿರುಕು ಬಿಟ್ಟು ಆ ಬಿರುಕಿನಲ್ಲಿ ನೀರು ನಿಲ್ತದೆ, ಗೋವಾದ ಮಳೆಗೆ ಹೆಚ್ಚೇನೂ ಉಪಯೋಗ ಆಗ್ಲಿಲ್ಲ. ಬಹಳ ಜನ ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಹಚ್ತಾರೆ, ಅದು ಮಾತ್ರ ದಯವಿಟ್ಟು ಬೇಡ, ಅಂಜೂರದ ಬೇರು ಅಲ್ಲೇ ಇರ್ತದೆ, ಆ ಕೊಳಕೆಲ್ಲ ಮಣ್ಣಿಗೆ ಇಳೀತದೆ, ನಾಳೆ ಆ ಹಣ್ಣು ಮಕ್ಕಳು ತಿನ್ನೋದು. ಕಂಬದ ಗುಂಡಿ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ, ಸುತ್ತ ಜಲ್ಲಿ ತುಂಬಿ ಗುದ್ದಿ, ನೀರು ನಿಲ್ಲದಿದ್ರೆ ಸಾಕು. ಕಾಂಕ್ರೀಟ್ ಬಟ್ಟಲಿನ ಹಾಗೆ ಕಂಬದ ಸುತ್ತ ಹಾಕಿದ್ರೆ ಅದೇ ನೀರು ಹಿಡ್ಕೊಂಡು ಕೂರ್ತದೆ.

ಕೊಯ್ದ ಮೇಲೆ ಹಲಗೆ ಬಾಗೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ನಮ್ಮ ಅಕೇಶಿಯಾ ನಾಲ್ಕು ಬಿದ್ದಿತ್ತು, ಅದನ್ನ ಕೊಯ್ಸಿದೆ. ಗರಗಸ ಇನ್ನೂ ತುದಿ ಮುಟ್ಟಿರ್ಲಿಲ್ಲ, ಹಲಗೆ ಬಿಲ್ಲಿನ ಹಾಗೆ ಮೇಲೆದ್ದು ನಿಂತಿತ್ತು. ಬೇಗ ಬೆಳೆದ ಮರದ ಒಳಗೆ ಬಿಗಿತ ಇರ್ತದೆ, ಕೊಯ್ದಾಗ ಅದು ಬಿಡುಗಡೆ ಆಗೋದು. ಒಂದೇ ಕಡೆಯಿಂದ ಕೊಯ್ತಾ ಹೋಗಬೇಡಿ, ಆ ಕಡೆ ಒಂದು ಈ ಕಡೆ ಒಂದು ಅಂತ ದಿಮ್ಮಿ ತಿರುಗಿಸಿ ತಿರುಗಿಸಿ ಕೊಯ್ದ್ರೆ ಬಗ್ಗೋದು ಕಡಿಮೆ ಆಗ್ತದೆ.

ಸಾಸವಡ_ತೋಟ | ನವೆಂಬರ್
ಎಲ್ಲಾರಿಗೂ ಇಷ್ಟ ದಿನ ಆದ ಮ್ಯಾಲ ಬರೀಲಿಕ್ಕತ್ತೀನಿ, ಕೆಲಸದಾಗ ಮುಳುಗಿದ್ದೆ. ಫಾರೆಸ್ಟ್ ಆಫೀಸಿಗೆ ಹೋಗಿ ಬಂದೆ, ಅಕ್ಕಾರು ಹೇಳಿದಂಗ ಅರ್ಜಿ ಕೊಟ್ಟು ಬಂದೀನಿ, ಜಾಗದಾಗೇ ಬಳಸೂದಕ್ಕ ತೊಂದ್ರಿ ಇಲ್ಲ ಅಂದ್ರು.

ತೊಗಟಿ ನೋಡಿ ದಿಮ್ಮಿ ಆರಿಸಿದೆ. ನಾಲ್ಕು ಸೀದಾ, ಎರಡು ಸುಮಾರು, ಒಂದು ಪೂರಾ ತಿರುವು. ಆ ತಿರುವಿನದ್ರ ತುದ್ಯಾಗೇ ಬಡಿಗೇರ ಕಾಕಾ ಹೇಳಿದ್ದ ನೀಲಿಗಪ್ಪು ಕಲೆ ಕಂಡಿತ್ರಿ! ಕೆತ್ತಿ ನೋಡಿದ್ರ ಒಳಗ ಮುಳ್ಳುತಂತಿ, ನಾಲ್ಕು ಇಂಚು ಆಳದಾಗ. ನಾ ಅದಕ್ಕ ಮಿಷನ್ ಹಚ್ಚಿದ್ರ ಏನಾಗ್ತಿತ್ತೋ ನೆನಸಿದ್ರ ಮೈ ಝುಂ ಅಂತದ. ಅದನ್ನ ಬದಿಗೆ ಇಟ್ಟೀನಿ.

ಸೀಳೂ ಕೆಲಸ ಮೂರು ಐತವಾರ ಹಿಡೀತು. ಊರಿನ ಹಿರಿಯರೊಬ್ರು ದೊಡ್ಡ ಸುತ್ತಗಿ, ಐದು ಕಬ್ಬಿಣದ ಪಾಚರ ತಗೊಂಡು ಬಂದು ಕೈ ಹಚ್ಚಿದ್ರು. ಮೊದಲನೇ ದಿಮ್ಮಿ ಅರ್ಧ ತಾಸು ಏನೂ ಆಗಲಿಲ್ಲ, ಆಮ್ಯಾಲ ಟಪ್ ಅಂತ ಒಂದು ಸಪ್ಪಳ ಬಂತು, ಅವ್ರು ಕೈ ಎತ್ತಿ ನಿಲ್ಲಿಸಿದ್ರು. ಸುಮ್ಮನ ನಿಂತ ಕೇಳಿದ್ವಿ. ಒಳಗ ಚಿಟಿ ಚಿಟಿ ಚಿಟಿ ಅಂತ ಎಳಿ ಬಿಡೂ ಸಪ್ಪಳ, ಯಾರೂ ಮುಟ್ಟದೇ ತಾನ ಸೀಳ್ಕೋತ ಹೊಂಟಿತ್ತು. ಒಳಗ ಆ ಬಣ್ಣ, ಹಸೀ ಚೇಗಿನ ಗುಲಾಬಿ ಮಿಶ್ರ ಕೆಂಪು, ನನಗ ನಮ್ಮಪ್ಪನ ಗಾಲಿ ಗುಂಬ ನೆನಪಾತು. ಸಂಜೀ ಆಗೂದ್ರಾಗ ಅದು ಕಂದಾಗಿಬಿಟ್ಟಿತ್ತು. 16 ಹೋಳಿನಾಗ ಎರಡು ಗಂಟಿಗೆ ಒಡದು ಕೆಟ್ಟವು, 14 ಕಂಬ ಸರಿಯಾಗಿ ಬಂದಾವ, ಒಂದೂ ಹೆಚ್ಚಿಲ್ಲ ಕಮ್ಮಿ ಇಲ್ಲ.

ಪಟ್ಟಿ ವಿಷಯ: ರಿಪ್ಪಿಂಗ್ ಚೇನ್ ತರಿಸಿ ಹಚ್ಚಿದೆ, ಹೋಳು ಮಾಡಿಕೊಂಡು ಏಣಿ ಕಟ್ಟಿ ಕೊಯ್ದೆ. ಎಂಟೂವರಿ ಅಡಿ ಒಂದು ಕೊಯ್ತಕ್ಕ ಹನ್ನೆರಡು ನಿಮಿಷ. ಇದು ಅದ ಮಿಷನ್ರಿ, ಅದ ದಿಮ್ಮಿ. ಹಿಂಜೆವಾಡಿ ಸರ, ಚೇನ್ ಸಾಣಿ ಹಿಡಿಯೂದು ಕಲಿತದ್ದು ನಿಮ್ಮಿಂದ, ಪ್ರತಿ ಟ್ಯಾಂಕಿಗೂ ತಪ್ಪದ ಹಿಡದೀನಿ.

ಈಗ ಕೇಳೂದು ಪಟ್ಟಿ ಒಣಗಿಸೂದು. ಪಟ್ಟ್ಯಾಗ ಸ್ವಲ್ಪ ಬಿಳೀದು ಉಳದದ, ಪೂರಾ ತಗದ್ರ 26 ಬರೂದಿಲ್ಲ. ಇಲ್ಲಿ ಮಂದಿ ನೀರಾಗ ಹಾಕ್ರಿ ಅಂತಾರ, ಬಾಜೂಕಿನವ್ರ ಶೇತತಳೆ (ಹೊಲದಾಗಿನ ನೀರಿನ ಹೊಂಡ) ಅದ.

ಬಡಿಗೇರ_ಮನಿ
ಅಣ್ಣಾರ ಓದಿ ಹೊಟ್ಟಿ ತುಂಬಿತು. ಆ ಚಿಟಿ ಚಿಟಿ ಸಪ್ಪಳ ನಾ ಕೇಳಿ ಎಷ್ಟ ವರ್ಷಾತೋ.

ನೀರಾಗ ಹಾಕೂದು ಖರೇ ಪದ್ಧತಿ. ಹಳ್ಳದ ಕೆಸರಿನಾಗ ಹುಗಿದು ಇಡ್ತಿದ್ರು, ಬಿಳೀ ಕಟಗ್ಯಾಗಿನ ಹಿಟ್ಟಿನಂಶ ನೀರಿಗೆ ಹೋಗ್ತೈತಿ, ಹುಳಕ್ಕ ತಿನ್ನಾಕ ಏನೂ ಉಳಿಯೂದಿಲ್ಲ. ಆದ್ರ ಶೇತತಳ್ಯಾಗ ಬ್ಯಾಡ್ರಿ! ಅದಕ್ಕ ಪ್ಲಾಸ್ಟಿಕ್ ಹಾಸಿರ್ತಾರ, ಜಾಲಿ ಹಸೀದು ತೇಲೂದಿಲ್ಲ, ಮುಳುಗಿ ತಳಕ್ಕ ಹೋಗಿ ಅಂಚು ತಾಕಿ ಪ್ಲಾಸ್ಟಿಕ್ ಹರೀತೈತಿ. ಮ್ಯಾಲ ಒಗರು ಬಿಟ್ಟು ನೀರು ಕರೇ ಆಗ್ತೈತಿ, ಮೀನು ಬಿಟ್ಟಿದ್ರ ಅವಕ್ಕೂ ತ್ರಾಸ.

ಫೋಂಡಾ_ತೋಟದಾಕೆ
ಪಟ್ಟಿಗೆ ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ನೀರು ಹಚ್ಚಬಹುದು. ಒಂದೂವರೆ ಪಾಲು ಬೋರಾಕ್ಸಿಗೆ ಒಂದು ಪಾಲು ಬೋರಿಕ್, ಎರಡೂ ಸೇರಿ ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕೆಜಿ ಸ್ವಲ್ಪ ಮೇಲೆ. ಕೊಯ್ದ ಕೂಡ್ಲೇ, ಹಸಿ ಇದ್ದಾಗ್ಲೇ ಹಚ್ಚಬೇಕು, ಆವಾಗ ಒಳಗೆ ಇಳೀತದೆ. ಮಳೆಗೆ ಅದು ತೊಳ್ಕೊಂಡು ಹೋಗ್ತದೆ, ಹಾಗಾಗಿ ಒಣಗಿದ ಮೇಲೆ ಮೇಲಿಂದ ಅಗಸೆ ಎಣ್ಣೆ. ಮಣ್ಣೊಳಗಿನ ಕಂಬಕ್ಕೆ ಇದು ಉಪಯೋಗ ಇಲ್ಲ.

ಮೈಸೂರು_ಹಿಂಜೆವಾಡಿ
ಒಣಗ್ಸೋಕೆ ನೆರಳಲ್ಲಿ ಪೇರಿಸಿ ಸಾರ್, ಒಂದೊಂದು ಪದರಕ್ಕೆ ಒಂದಿಂಚಿನ ಪಟ್ಟಿ ಅಡ್ಡ ಇಟ್ಟು, ಒಂದೂವರೆ ಅಡಿಗೊಂದು, ಮೇಲಿಂದ ಕೆಳಕ್ಕೆ ಎಲ್ಲಾ ಒಂದೇ ನೇರದಲ್ಲಿ. ಮೇಲೆ ಕಲ್ಲು ಹೇರಿ. ಇಂಚಿಗೊಂದು ವರ್ಷ ಅಂತ ಲೆಕ್ಕ ಹೇಳ್ತಾರೆ, ಪೀಠೋಪಕರಣಕ್ಕೆ ಅದು ಬೇಕು, ಬೇಲಿಗೆ ಮೂರು ನಾಲ್ಕು ತಿಂಗಳು ಸಾಕು. ಬೋಲ್ಟ್ ತೂತು ಪಟ್ಟಿಯಲ್ಲಿ ಸ್ವಲ್ಪ ಉದ್ದುದ್ದ ಮಾಡಿ, ಕುಗ್ಗಿದಾಗ ಜಾಗ ಇರತ್ತೆ.

ಡೊಂಬಿವಲಿ_ಕರಾವಳಿ
ತೊಗಟೆ ಸಿಪ್ಪೆ ಸುಲಿದ್ರಲ್ಲ? ಹುಳ ಮೊದಲು ಸೇರುವುದೇ ತೊಗಟೆ ಅಡಿಗೆ.

ಸಾಸವಡ_ತೋಟ
ಸುಲಿದೀನ್ರಿ. ಬೋರಾಕ್ಸ್ ನಾಳೇನೇ ತರ್ತೀನಿ.

ಸಾಸವಡ_ತೋಟ | ಮಾರ್ಚ್
ಬೇಲಿ ನಿಂತದ. ಕಂಬ ಎರಡು ಅಡಿ ಒಳಗ, ಐದು ಅಡಿ ಮ್ಯಾಕ, ಬುಡಕ್ಕ ಜಲ್ಲಿ. ಕಾಂಕ್ರೀಟ್ ಹಾಕಿಲ್ಲ. ಡೊಂಬಿವಲಿ ಅಣ್ಣಾರ ಮಾತು ಪೂರಾ ಬಿಟ್ಟಿಲ್ಲ, ಗೇಟಿನ ಎರಡು ಕಂಬಕ್ಕ ಮಾತ್ರ ಆಂಗಲ್ ಹಾಕಿ ನೆಲದಿಂದ ಮ್ಯಾಲ ಬೋಲ್ಟ್ ಮಾಡೀನಿ, ಎರಡೂ ರೀತಿ ಹ್ಯಾಂಗ ಬಾಳ್ತಾವ ನೋಡೂಣು. ಅಡ್ಡಪಟ್ಟಿ ನಡುವ ಬಿದರಿನ ದಬ್ಬಿ ಕಟ್ಟೀನಿ, ಆಡು ತೂರೂದಿಲ್ಲ.

ಡ್ರಿಲ್ ಬಿಟ್ ಆರು ಮುರದ್ವು. ಒಣಗಿದ ಜಾಲಿ ಅಂದ್ರೇನು ಅಂತ ಆವಾಗ ತಿಳೀತು. ತೂತು ನವೆಂಬರದಾಗ ಹಸೀ ಇದ್ದಾಗೇ ಹಾಕಿದ್ರ ಪಾರಾಗ್ತಿದ್ದೆ, ಮುಂದ ಮಾಡೂರು ಇದೊಂದು ನೆನಪಿಡ್ರಿ.

ಬಡಿಗೇರ_ಮನಿ
ಡ್ರಿಲ್ ಸಾವಕಾಶ ತಿರುವಿ ನಡುನಡುವ ಹೊರಗ ತಗದು ಹೊಟ್ಟು ಝಾಡಿಸಿದ್ರ ಮುರಿಯೂದಿಲ್ಲ ಅಣ್ಣಾರ. ಫೋಟೋ ನೋಡಿದೆ, ಬಾಚಿ ಕೆಲಸ ಚಲೋ ಬಂದೈತಿ.

ಸಾಸವಡ_ತೋಟ | ಆಗಸ್ಟ್
ಒಂದು ಮಳಿಗಾಲ ಬಹುತೇಕ ಮುಗೀತು, ಹೇಳಿ ಹೋಗೂಣು ಅಂತ ಬಂದೆ. ಕಂಬ ಹದಿನಾಲ್ಕೂ ಗಟ್ಟಿ ಅದಾವ, ನೆಲಮಟ್ಟದಾಗ ಮಣ್ಣು ಸರಿಸಿ ಚಾಕು ಚುಚ್ಚಿ ನೋಡಿದೆ, ತುದಿ ಒಳಗ ಹೋಗೂದಿಲ್ಲ. ಪಟ್ಟ್ಯಾಗ ಎರಡು ಸ್ವಲ್ಪ ತಿರುವ್ಯಾವ, ಎರಡೂ ಸುಮಾರು ಅಂದಿದ್ನಲ್ಲ ಆ ದಿಮ್ಮೀವು. ಒಂದು ಪಟ್ಟಿ ಕೆಳಗ ಬಿಳೀ ಹಿಟ್ಟು ಉದುರಿತ್ತು, ಕುಟ್ಟಿ ಹುಳ. ನೋಡಿದ್ರ ಬೋರಾಕ್ಸ್ ಮುಗದಾಗ ಕೊನೀಗೆ ಉಳಿದಿದ್ದ ಪಟ್ಟಿ ಅದು, ಹಚ್ಚಿರಲೇ ಇಲ್ಲ. ತಗದು ಸುಟ್ಟೀನಿ, ಬಿದರು ಕಟ್ಟೀನಿ ಸದ್ಯ.

ತಿರುವಿನ ದಿಮ್ಮಿ ಇನ್ನೂ ಬದುವಿನ ಹತ್ರ ಅದ. ತಂತಿ ಇದ್ದ ತುದಿ ಎರಡು ಅಡಿ ಕಡದು ಒಗದೀನಿ, ಉಳಿದ ಆರೂವರಿ ಅಡಿ ಮಳ್ಯಾಗ ಚೊಲೋ ತೊಯ್ದದ. ಬಡಿಗೇರ ಕಾಕಾ, ದಸರಾ ಸೂಟಿಗೆ ಪುಣೆದಾಗ ಇದ್ರ ಒಂದ ದಿನ ಬಂದು ಹೋಗ್ರಿ. ಅಂಜೂರದ ಗಿಡದ ಕೆಳಗ ಕುಂದರಾಕ ಒಂದು ಕಟಗಿ ಬೆಂಚು ಬೇಕಾಗೇದ, ಎಲ್ಲಿಂದ ಕೊಯ್ಯಬೇಕು ನೀವು ನೋಡಿ ಹೇಳ್ರಿ.

ಬಡಿಗೇರ_ಮನಿ
ಬರ್ತೀನ್ರಿ. ತುದಿಗೆ ಪೇಂಟ್ ಹಚ್ಚಿ ಇಡ್ರಿ ಅಲ್ಲೀ ತನಕ.